ನಗರ ಪಾಲಿಕೆ: ಅಧಿಕಾರ ಯಾರದು, ನಾಗರಿಕನ ಪಾತ್ರವೇನು?

ಬೆಳಗಿನ ನಲ್ಲಿ ನೀರು, ಮನೆ ಬಾಗಿಲಿಗೆ ಬರುವ ಕಸದ ಗಾಡಿ, ಬೀದಿಯ ದೀಪ, ಮಳೆ ಬಂದಾಗ ಉಕ್ಕುವ ಚರಂಡಿ, ಬಡಾವಣೆಯ ಉದ್ಯಾನ, ಕೊನೆಗೆ ಊರ ಹೊರಗಿನ ಸ್ಮಶಾನ. ನಗರವಾಸಿಯ ಬದುಕಿನೊಡನೆ ಇಷ್ಟು ನಿಕಟವಾಗಿ ಬೆಸೆದುಕೊಂಡಿರುವ ಸರ್ಕಾರ ಬೇರೊಂದಿಲ್ಲ. ಜೀವಮಾನದಲ್ಲಿ ಒಮ್ಮೆಯೂ ವಿಧಾನಸೌಧದ ಮೆಟ್ಟಿಲು ಹತ್ತದವರಿದ್ದಾರೆ. ಆದರೆ ಜನನ ಪತ್ರಕ್ಕಾಗಿಯೋ ಖಾತೆ ವರ್ಗಾವಣೆಗಾಗಿಯೋ ಪಾಲಿಕೆಯ ಕಚೇರಿಗೆ ಎಡತಾಕದ ಕುಟುಂಬ ನಗರದಲ್ಲಿ ಸಿಗುವುದು ಕಷ್ಟ.

ಹೀಗಿದ್ದೂ ಪಾಲಿಕೆಯ ಒಳಗೆ ನಿರ್ಧಾರಗಳು ಹೇಗೆ ಆಗುತ್ತವೆ, ಹಣ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಯಾರನ್ನು ಏನು ಕೇಳಬೇಕು ಎಂಬುದು ಬಹುಪಾಲು ನಾಗರಿಕರಿಗೆ ಅಸ್ಪಷ್ಟ. ಈ ಅಸ್ಪಷ್ಟತೆಯ ಬೆಲೆ ದೊಡ್ಡದು. ಬೆಂಗಳೂರಿನ ಬೃಹತ್ ಮಹಾನಗರ ಪಾಲಿಕೆಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರ್ 10ರಂದು ಮುಗಿಯಿತು. ಮುಂದಿನ ಐದು ವರ್ಷ ರಾಜ್ಯದ ಅತಿದೊಡ್ಡ ನಗರ ಒಬ್ಬನೇ ಒಬ್ಬ ಕಾರ್ಪೊರೇಟರ್ ಇಲ್ಲದೆ, ಅಧಿಕಾರಿಗಳ ಆಡಳಿತದಲ್ಲಿಯೇ ನಡೆಯಿತು. ಮೈಸೂರಿನಲ್ಲಿ 2023ರ ನವೆಂಬರ್‌ನಲ್ಲಿ, ಮಂಗಳೂರಿನಲ್ಲಿ 2025ರ ಫೆಬ್ರವರಿಯಲ್ಲಿ ಸದಸ್ಯರ ಅವಧಿ ಮುಗಿದು ಅಧಿಕಾರ ಆಡಳಿತಾಧಿಕಾರಿಯ ಕೈಸೇರಿತು. ಪಾಲಿಕೆಯ ಸಭೆ ಎಂದರೇನು ಎಂದು ತಿಳಿದಿದ್ದರೆ ಮಾತ್ರ ಅದು ಇಲ್ಲವಾದಾಗ ಕಳೆದುಕೊಂಡದ್ದೇನು ಎಂಬುದೂ ತಿಳಿಯುತ್ತದೆ.

ಕಾನೂನಿನ ಬುನಾದಿ

ರಾಜ್ಯದ ನಗರಾಡಳಿತಕ್ಕೆ ಮುಖ್ಯವಾಗಿ ಎರಡು ಹಳೆಯ ಕಾಯ್ದೆಗಳ ಆಧಾರವಿದೆ. ಪಟ್ಟಣ ಪಂಚಾಯಿತಿ, ಪುರಸಭೆ ಹಾಗೂ ನಗರಸಭೆಗಳಿಗೆ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಅನ್ವಯಿಸುತ್ತದೆ. ಮಹಾನಗರ ಪಾಲಿಕೆಗಳಿಗೆ 1976ರ ಕರ್ನಾಟಕ ಪೌರನಿಗಮಗಳ ಕಾಯ್ದೆ ಅನ್ವಯಿಸುತ್ತದೆ. ಸ್ಥೂಲವಾಗಿ ಹೇಳುವುದಾದರೆ 20 ಸಾವಿರದಿಂದ 50 ಸಾವಿರದವರೆಗೆ ಜನಸಂಖ್ಯೆಯಿರುವ ಊರಿಗೆ ಪುರಸಭೆ, 50 ಸಾವಿರದಿಂದ 3 ಲಕ್ಷದವರೆಗೆ ನಗರಸಭೆ, ಅದಕ್ಕೂ ಮೇಲ್ಪಟ್ಟರೆ ಮಹಾನಗರ ಪಾಲಿಕೆ.

ಇವೆಲ್ಲಕ್ಕೂ ಸಂವಿಧಾನದ ಬಲ ದೊರೆತದ್ದು 74ನೇ ತಿದ್ದುಪಡಿಯಿಂದ. 1992ರಲ್ಲಿ ಸಂಸತ್ತು ಅಂಗೀಕರಿಸಿದ ಈ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದಕ್ಕೆ ಮೊದಲು ನಗರಾಡಳಿತ ಸಂಸ್ಥೆಗಳು ರಾಜ್ಯ ಸರ್ಕಾರದ ಕೃಪೆಯಲ್ಲಿದ್ದವು. ತಿದ್ದುಪಡಿಯ ನಂತರ ಐದು ವರ್ಷಗಳ ಅವಧಿ, ಪ್ರತ್ಯೇಕ ರಾಜ್ಯ ಚುನಾವಣಾ ಆಯೋಗ, ರಾಜ್ಯ ಹಣಕಾಸು ಆಯೋಗ, ಪರಿಶಿಷ್ಟರಿಗೆ ಹಾಗೂ ಮಹಿಳೆಯರಿಗೆ ಮೀಸಲಾತಿ ಇವು ಸಂವಿಧಾನಬದ್ಧವಾದವು. ಮಹಿಳೆಯರಿಗೆ ಕನಿಷ್ಠ ಮೂರನೇ ಒಂದು ಸ್ಥಾನ ಎಂದು ಸಂವಿಧಾನ ಹೇಳಿದರೆ, ಕರ್ನಾಟಕ ಅದನ್ನು ಶೇ. 50ಕ್ಕೆ ಏರಿಸಿದೆ.

ಸಂವಿಧಾನದ ಹನ್ನೆರಡನೆಯ ಅನುಸೂಚಿ ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಪಟ್ಟಿ ಮಾಡುತ್ತದೆ. ನಗರ ಯೋಜನೆ, ರಸ್ತೆ ಮತ್ತು ಸೇತುವೆ, ನೀರು ಸರಬರಾಜು, ನೈರ್ಮಲ್ಯ, ಕೊಳೆಗೇರಿ ಸುಧಾರಣೆ, ಉದ್ಯಾನ, ಬೀದಿ ದೀಪ, ಜನನ ಮರಣ ನೋಂದಣಿ, ಸ್ಮಶಾನ, ಕಸಾಯಿಖಾನೆ ಇವು ಅದರಲ್ಲಿ ಸೇರಿವೆ. ಆದರೆ 'ವಹಿಸಬಹುದು' ಎಂಬ ಪದದಲ್ಲಿಯೇ ತೊಡಕಿದೆ. ಯಾವುದನ್ನು ಎಷ್ಟರಮಟ್ಟಿಗೆ ವಹಿಸಬೇಕೆಂಬ ತೀರ್ಮಾನ ರಾಜ್ಯದ ಶಾಸನಸಭೆಯದು.

ಪಾಲಿಕೆಯ ಕೈಯಲ್ಲಿ ಇಲ್ಲದ್ದು

ಪಾಲಿಕೆಯನ್ನು ದೂರುವ ಮೊದಲು ಯಾವುದು ಅದರ ಹೊಣೆಯಲ್ಲ ಎಂದು ತಿಳಿದರೆ ಅಲೆದಾಟ ತಪ್ಪುತ್ತದೆ. ಬೆಂಗಳೂರಿನಲ್ಲಿ ಕುಡಿಯುವ ನೀರು ಮತ್ತು ಒಳಚರಂಡಿ 1964ರಲ್ಲಿ ಸ್ಥಾಪನೆಯಾದ ಜಲಮಂಡಳಿಯದು. ಇತರ ನಗರಗಳಲ್ಲಿ ದೊಡ್ಡ ನೀರಿನ ಯೋಜನೆಗಳನ್ನು ಬಹುಮಟ್ಟಿಗೆ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ನಿರ್ಮಿಸುತ್ತದೆ. ಹೊಸ ಬಡಾವಣೆಗಳ ಅನುಮೋದನೆ ಮತ್ತು ಮಹಾಯೋಜನೆ ನಗರಾಭಿವೃದ್ಧಿ ಪ್ರಾಧಿಕಾರಗಳ ಕೆಲಸ. ವಿದ್ಯುತ್ ಪೂರೈಕೆ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ ಮೊದಲಾದ ಕಂಪನಿಗಳದು. ಬೀದಿಯ ಕಂಬ ವಿದ್ಯುತ್ ಕಂಪನಿಯದಾಗಿದ್ದರೂ ಅದರ ಮೇಲಿನ ದೀಪ ಪಾಲಿಕೆಯದು. ಸಂಚಾರ ನಿಯಂತ್ರಣ ಪೊಲೀಸರದು, ಅಗ್ನಿಶಾಮಕ ದಳ ರಾಜ್ಯ ಸರ್ಕಾರದ ಇಲಾಖೆ.

2015ರಲ್ಲಿ ಆರಂಭವಾಗಿ 2025ರ ಮಾರ್ಚ್‌ನಲ್ಲಿ ಮುಕ್ತಾಯಗೊಂಡ ಸ್ಮಾರ್ಟ್ ಸಿಟಿ ಯೋಜನೆ ಇದಕ್ಕೆ ಇನ್ನೊಂದು ಪದರವನ್ನು ಸೇರಿಸಿತು. ಬೆಳಗಾವಿ, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು ಹಾಗೂ ಬೆಂಗಳೂರಿನಲ್ಲಿ ಈ ಹಣವನ್ನು ಖರ್ಚು ಮಾಡಿದ್ದು ಪಾಲಿಕೆಯ ಸಭೆಯಲ್ಲ, ಅದಕ್ಕೆಂದೇ ರಚಿಸಿದ ಪ್ರತ್ಯೇಕ ಕಂಪನಿ. ರಸ್ತೆ ಅಗೆದವರು ಒಬ್ಬರು, ಅದರ ನಿರ್ವಹಣೆಯ ಹೊಣೆ ಮತ್ತೊಬ್ಬರದು ಎಂಬ ಗೊಂದಲ ಹುಟ್ಟಿದ್ದು ಹೀಗೆ.

ಸಭೆಯಲ್ಲಿ ಯಾರಿರುತ್ತಾರೆ?

ನಗರವನ್ನು ವಾರ್ಡುಗಳಾಗಿ ವಿಂಗಡಿಸಿ, ಪ್ರತಿ ವಾರ್ಡಿನಿಂದ ಒಬ್ಬ ಸದಸ್ಯನನ್ನು ಮತದಾರರು ನೇರವಾಗಿ ಆರಿಸುತ್ತಾರೆ. 2018ರಿಂದ 2021ರವರೆಗಿನ ಚುನಾವಣೆಗಳಲ್ಲಿ ಹುಬ್ಬಳ್ಳಿ-ಧಾರವಾಡದಲ್ಲಿ 82, ಮೈಸೂರಿನಲ್ಲಿ 65, ಮಂಗಳೂರಿನಲ್ಲಿ 60, ಬೆಳಗಾವಿಯಲ್ಲಿ 58, ಕಲಬುರಗಿಯಲ್ಲಿ 55, ದಾವಣಗೆರೆಯಲ್ಲಿ 45, ಬಳ್ಳಾರಿಯಲ್ಲಿ 39 ವಾರ್ಡುಗಳಿದ್ದವು. ಮತ ನೀಡಲು 18 ವರ್ಷ, ಸ್ಪರ್ಧಿಸಲು 21 ವರ್ಷ ತುಂಬಿರಬೇಕು.

ಚುನಾಯಿತರಲ್ಲದೆ ಆ ಪ್ರದೇಶದ ಶಾಸಕರು, ಸಂಸದರು ಹಾಗೂ ನಗರದ ಮತದಾರರ ಪಟ್ಟಿಯಲ್ಲಿ ಹೆಸರಿರುವ ವಿಧಾನ ಪರಿಷತ್ ಸದಸ್ಯರು ಪದನಿಮಿತ್ತ ಸದಸ್ಯರಾಗಿರುತ್ತಾರೆ. ಅವರಿಗೆ ಮತದ ಹಕ್ಕಿದೆ. ಮೇಯರ್ ಚುನಾವಣೆಯ ದಿನ ಶಾಸಕರ ಕಾರುಗಳು ಪಾಲಿಕೆಯ ಅಂಗಳದಲ್ಲಿ ನಿಲ್ಲುವುದು ಇದರಿಂದಲೇ. ರಾಜ್ಯ ಸರ್ಕಾರ ಐವರವರೆಗೆ ಸದಸ್ಯರನ್ನು ನಾಮಕರಣ ಮಾಡಬಹುದು. ಅವರು ಚರ್ಚೆಯಲ್ಲಿ ಪಾಲ್ಗೊಳ್ಳಬಹುದು, ಮತ ಹಾಕುವಂತಿಲ್ಲ.

ಮೇಯರ್ ಮತ್ತು ಉಪಮೇಯರ್‌ರನ್ನು ಜನರು ನೇರವಾಗಿ ಆರಿಸುವುದಿಲ್ಲ, ಸಭೆಯೇ ಆರಿಸುತ್ತದೆ. 1976ರ ಕಾಯ್ದೆಯ ಪದ್ಧತಿಯಲ್ಲಿ ಅವರ ಅವಧಿ ಒಂದು ವರ್ಷ ಮಾತ್ರ, ಅದೂ ಸರದಿಯ ಮೀಸಲಾತಿಗೆ ಒಳಪಟ್ಟದ್ದು. ಮೇಯರ್ ಕಡತಗಳ ಪರಿಚಯ ಮಾಡಿಕೊಳ್ಳುವಷ್ಟರಲ್ಲಿ ಅಧಿಕಾರ ಮುಗಿಯುತ್ತದೆ ಎಂಬ ಟೀಕೆ ಹಳೆಯದು. ನಗರಸಭೆ, ಪುರಸಭೆಗಳ ಅಧ್ಯಕ್ಷರಿಗೆ 30 ತಿಂಗಳ ಅವಧಿಯಿದೆ.

ಕಾರ್ಯಾಂಗದ ಮುಖ್ಯಸ್ಥ ಆಯುಕ್ತ. ಆತನನ್ನು ನೇಮಿಸುವುದು ರಾಜ್ಯ ಸರ್ಕಾರ. ಸಭೆ ನೀತಿಯನ್ನು ನಿರ್ಧರಿಸುತ್ತದೆ, ಆಯುಕ್ತ ಜಾರಿಗೊಳಿಸುತ್ತಾನೆ ಎಂಬುದು ಕಾಯ್ದೆಯ ಆಶಯ. ಆದರೆ ಸಿಬ್ಬಂದಿ, ಕಡತ ಮತ್ತು ಚೆಕ್ಕಿನ ಸಹಿ ಆಯುಕ್ತನ ಅಧೀನದಲ್ಲಿರುವುದರಿಂದ ವಾಸ್ತವ ಅಧಿಕಾರದ ತಕ್ಕಡಿ ಅತ್ತಲೇ ವಾಲುತ್ತದೆ. ಸಭೆಯ ನಿರ್ಣಯವನ್ನು ತಡೆಹಿಡಿಯುವ ಅಧಿಕಾರವೂ ಸರ್ಕಾರಕ್ಕಿದೆ.

ನಾಲ್ಕು ಸ್ಥಾಯಿ ಸಮಿತಿಗಳು

ಸಾಮಾನ್ಯ ಸಭೆಯ ಗದ್ದಲ ಪತ್ರಿಕೆಗಳಲ್ಲಿ ಬರುತ್ತದೆ, ಆದರೆ ಕೆಲಸದ ಬಹುಭಾಗ ನಡೆಯುವುದು ಸ್ಥಾಯಿ ಸಮಿತಿಗಳಲ್ಲಿ. ತೆರಿಗೆ, ಹಣಕಾಸು ಮತ್ತು ಅಪೀಲುಗಳ ಸಮಿತಿ; ಸಾರ್ವಜನಿಕ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯ ಸಮಿತಿ; ಪಟ್ಟಣ ಯೋಜನೆ ಮತ್ತು ಸುಧಾರಣೆ ಸಮಿತಿ; ಲೆಕ್ಕಪತ್ರಗಳ ಸಮಿತಿ. ಬೆಂಗಳೂರಿನ ಹೊರಗಿನ ಪಾಲಿಕೆಗಳಲ್ಲಿ ಇವು ನಾಲ್ಕು ಇದ್ದು, ತಲಾ ಏಳು ಸದಸ್ಯರನ್ನು ಹೊಂದಿರುತ್ತವೆ.

ಬೀದಿಯ ನಾಗರಿಕನ ದೃಷ್ಟಿಯಿಂದ ಇದರ ಅರ್ಥ ಸರಳ. ಬಡಾವಣೆಯ ಸಮಸ್ಯೆ ಕಸವೋ ಸೊಳ್ಳೆಯೋ ಆಗಿದ್ದರೆ ಮನವಿಯ ಪ್ರತಿ ಆರೋಗ್ಯ ಸಮಿತಿಯ ಅಧ್ಯಕ್ಷರಿಗೆ ಸಲ್ಲಬೇಕು. ನಕ್ಷೆ ಉಲ್ಲಂಘಿಸಿ ಎದ್ದ ಕಟ್ಟಡವಾದರೆ ಪಟ್ಟಣ ಯೋಜನೆ ಸಮಿತಿಗೆ. ಹಾಕಿದ ಹಣ ಎಲ್ಲಿ ಹೋಯಿತೆಂಬ ಪ್ರಶ್ನೆಯಾದರೆ ಲೆಕ್ಕಪತ್ರಗಳ ಸಮಿತಿಗೆ.

ಹಣದ ಹಾದಿ

ಆಸ್ತಿ ತೆರಿಗೆ, ನೀರಿನ ಕರ, ಉದ್ದಿಮೆ ಪರವಾನಗಿ ಶುಲ್ಕ, ಕಟ್ಟಡ ನಕ್ಷೆ ಶುಲ್ಕ, ಜಾಹೀರಾತು ಶುಲ್ಕ, ಮಾರುಕಟ್ಟೆ ಮಳಿಗೆಗಳ ಬಾಡಿಗೆ ಇವು ಪಾಲಿಕೆಯ ಸ್ವಂತ ಆದಾಯ. ಉಳಿದದ್ದು ರಾಜ್ಯ ಹಣಕಾಸು ಆಯೋಗದ ಶಿಫಾರಸಿನಂತೆ ಬರುವ ಅನುದಾನ ಹಾಗೂ ಕೇಂದ್ರ ಹಣಕಾಸು ಆಯೋಗದ ಅನುದಾನ. ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರ, ಭಿಕ್ಷುಕರ ಕರ, ಆರೋಗ್ಯ ಕರಗಳನ್ನೂ ಪಾಲಿಕೆ ವಸೂಲು ಮಾಡುತ್ತದೆ. ಆದರೆ ಅವು ಪಾಲಿಕೆಯ ಖರ್ಚಿಗಲ್ಲ, ಸಂಬಂಧಿಸಿದ ಇಲಾಖೆಗಳಿಗೆ ಸಲ್ಲತಕ್ಕವು. ಆರ್ಥಿಕ ವರ್ಷದ ಆರಂಭದ ಏಪ್ರಿಲ್‌ನಲ್ಲಿ ಪೂರ್ತಿ ತೆರಿಗೆ ಕಟ್ಟಿದವರಿಗೆ ಶೇ. 5 ರಿಯಾಯಿತಿಯ ಪದ್ಧತಿ ಇದೆ.

ಆಯವ್ಯಯವನ್ನು ಮಾರ್ಚ್ ಅಂತ್ಯದೊಳಗೆ ಅಂಗೀಕರಿಸಬೇಕು. ಆಯುಕ್ತರ ಕಚೇರಿ ಅಂದಾಜು ಸಿದ್ಧಪಡಿಸುತ್ತದೆ, ತೆರಿಗೆ ಮತ್ತು ಹಣಕಾಸು ಸಮಿತಿ ಪರಿಶೀಲಿಸುತ್ತದೆ, ಆ ಸಮಿತಿಯ ಅಧ್ಯಕ್ಷರು ಸಭೆಯಲ್ಲಿ ಮಂಡಿಸುತ್ತಾರೆ. ನಗರ ಸಂಸ್ಥೆಗಳು ತಮ್ಮ ನಿಧಿಯಲ್ಲಿ ಶೇ. 24.10 ಭಾಗವನ್ನು ಪರಿಶಿಷ್ಟ ಜಾತಿ ಮತ್ತು ಪಂಗಡದವರ ಕಲ್ಯಾಣಕ್ಕೆ, ಶೇ. 7.25 ಭಾಗವನ್ನು ಇತರ ಬಡವರಿಗೆ, ಶೇ. 5 ಭಾಗವನ್ನು ಅಂಗವಿಕಲರಿಗೆ ಮೀಸಲಿಡಬೇಕೆಂಬ ನಿಯಮವಿದೆ. ಅನೇಕ ಕಡೆ ಈ ಹಣ ವರ್ಷಾಂತ್ಯದಲ್ಲಿ ಖರ್ಚಾಗದೆ ಉಳಿಯುವುದು ಅರ್ಹರಿಗೆ ಇದರ ಅರಿವಿಲ್ಲದ್ದರಿಂದ ಕೂಡ.

ಬಜೆಟ್ಟಿಗೆ ಮುನ್ನ ಸಾರ್ವಜನಿಕರಿಂದ, ಸಂಘ ಸಂಸ್ಥೆಗಳಿಂದ ಸಲಹೆ ಪಡೆಯುವ ಸಭೆಗಳನ್ನು ಪಾಲಿಕೆಗಳು ಸಾಮಾನ್ಯವಾಗಿ ನಡೆಸುತ್ತವೆ. ಅಂಕಿಗಳು ಅಚ್ಚಾದ ನಂತರ ಕೊಟ್ಟ ಮನವಿ ಮುಂದಿನ ವರ್ಷದ ಕಡತ ಸೇರುತ್ತದೆ. ಹಾಗಾಗಿ ಬಡಾವಣೆಯ ಬೇಡಿಕೆಯನ್ನು ಡಿಸೆಂಬರ್ ಅಥವಾ ಜನವರಿಯಲ್ಲಿ ಲಿಖಿತವಾಗಿ ಸಲ್ಲಿಸುವುದು ವಿವೇಕ.

ಒಂದು ಚರಂಡಿಯ ಕಥೆ

ಪಾಲಿಕೆಯ ಕಾರ್ಯವಿಧಾನವನ್ನು ತಿಳಿಯಲು ಒಂದು ಸಣ್ಣ ಕಾಮಗಾರಿಯನ್ನು ಹಿಂಬಾಲಿಸಿದರೆ ಸಾಕು. ಬೀದಿಯೊಂದರ ಚರಂಡಿ ಕುಸಿದಿದೆ ಎಂದಿಟ್ಟುಕೊಳ್ಳೋಣ. ದೂರು ವಲಯ ಕಚೇರಿಗೆ ಬರುತ್ತದೆ. ಕಿರಿಯ ಅಥವಾ ಸಹಾಯಕ ಎಂಜಿನಿಯರ್ ಸ್ಥಳ ಪರಿಶೀಲಿಸಿ ಅಂದಾಜುಪಟ್ಟಿ ತಯಾರಿಸುತ್ತಾರೆ. ಮೇಲಿನ ಎಂಜಿನಿಯರ್ ತಾಂತ್ರಿಕ ಮಂಜೂರಾತಿ ನೀಡುತ್ತಾರೆ. ಮೊತ್ತಕ್ಕೆ ಅನುಗುಣವಾಗಿ ಆಯುಕ್ತರು, ಸ್ಥಾಯಿ ಸಮಿತಿ, ಸಾಮಾನ್ಯ ಸಭೆ ಅಥವಾ ಸರ್ಕಾರ ಆಡಳಿತಾತ್ಮಕ ಅನುಮೋದನೆ ಕೊಡುತ್ತದೆ. ನಂತರ 1999ರ ಪಾರದರ್ಶಕತೆ ಕಾಯ್ದೆಯನ್ವಯ ಟೆಂಡರ್. ಗುತ್ತಿಗೆದಾರನಿಗೆ ಕಾರ್ಯಾದೇಶ. ಕೆಲಸ ಮುಗಿದ ಮೇಲೆ ಎಂಜಿನಿಯರ್ ಅಳತೆ ಪುಸ್ತಕದಲ್ಲಿ ದಾಖಲಿಸುತ್ತಾರೆ. ಆ ದಾಖಲೆಯ ಆಧಾರದ ಮೇಲೆ ಬಿಲ್ಲು ಪಾವತಿಯಾಗುತ್ತದೆ.

ಈ ಸರಪಳಿಯ ಪ್ರತಿ ಕೊಂಡಿಯೂ ಕಾಗದದ ಮೇಲಿದೆ. ಆದುದರಿಂದ 'ಕೆಲಸ ಯಾವಾಗ ಆಗುತ್ತದೆ?' ಎಂಬ ಪ್ರಶ್ನೆಗಿಂತ 'ಅಂದಾಜುಪಟ್ಟಿ ಆಗಿದೆಯೇ? ಕಾರ್ಯಾದೇಶದ ಸಂಖ್ಯೆ ಯಾವುದು?' ಎಂಬ ಪ್ರಶ್ನೆ ಹೆಚ್ಚು ಪರಿಣಾಮಕಾರಿ. ಅಳತೆ ಪುಸ್ತಕದಲ್ಲಿ ನೂರು ಮೀಟರ್ ಎಂದಿದ್ದು ಬೀದಿಯಲ್ಲಿ ಅರವತ್ತು ಮೀಟರ್ ಮಾತ್ರ ಇದ್ದರೆ ಅದನ್ನು ಹಿಡಿಯಬಲ್ಲವನು ಆ ಬೀದಿಯ ನಿವಾಸಿಯೇ ಹೊರತು ದೂರದ ಲೆಕ್ಕ ಪರಿಶೋಧಕನಲ್ಲ.

ನಾಗರಿಕರ ಮುಂದಿರುವ ದಾರಿಗಳು

ವಾರ್ಡ್ ಸಮಿತಿ: 3 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನ ಹೇಳುತ್ತದೆ. 2011ರಲ್ಲಿ ಕರ್ನಾಟಕ ತನ್ನ ಕಾಯ್ದೆಗೆ ತಿದ್ದುಪಡಿ ತಂದು ಪ್ರತಿ ವಾರ್ಡಿಗೂ ಸಮಿತಿ, ಅದರ ಕೆಳಗೆ ಪ್ರದೇಶ ಸಭೆ ಎಂಬ ವ್ಯವಸ್ಥೆ ರೂಪಿಸಿತು. ಕಾರ್ಪೊರೇಟರ್ ಅಧ್ಯಕ್ಷತೆಯ ಸಮಿತಿಯಲ್ಲಿ ಹತ್ತು ಮಂದಿ ನಾಮನಿರ್ದೇಶಿತ ಸದಸ್ಯರು. ಅವರಲ್ಲಿ ಕನಿಷ್ಠ ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಮೂವರು ಮಹಿಳೆಯರು, ಇಬ್ಬರು ನಿವಾಸಿಗಳ ನೋಂದಾಯಿತ ಸಂಘಗಳ ಪ್ರತಿನಿಧಿಗಳಾಗಿರಬೇಕು. ವಾರ್ಡಿನ ಅಭಿವೃದ್ಧಿ ಯೋಜನೆ ತಯಾರಿಸುವುದು, ಹಣದ ಸರಿಯಾದ ವಿನಿಯೋಗ ನೋಡಿಕೊಳ್ಳುವುದು, ಕಸ ವಿಲೇವಾರಿ ಮತ್ತು ಬೀದಿ ದೀಪಗಳ ಮೇಲೆ ನಿಗಾ ಇಡುವುದು ಇದರ ಕೆಲಸ. ಬೆಂಗಳೂರಿನಲ್ಲಾಗಲಿ ಮಂಗಳೂರಿನಲ್ಲಾಗಲಿ ಈ ಸಮಿತಿಗಳು ತಾವಾಗಿ ಹುಟ್ಟಲಿಲ್ಲ. ನಾಗರಿಕರು ಹೈಕೋರ್ಟಿನ ಬಾಗಿಲು ತಟ್ಟಬೇಕಾಯಿತು. ಬಿಬಿಎಂಪಿಯ ಕಾಲದಲ್ಲಿ ತಿಂಗಳ ಮೊದಲ ಶನಿವಾರ ಸಮಿತಿಯ ಸಭೆ ಎಂಬ ಪರಿಪಾಠ ಬೆಳೆದಾಗ, ಕೆಲವು ವಾರ್ಡುಗಳಲ್ಲಿ ನಿವಾಸಿಗಳು ನಡಾವಳಿಯ ಪ್ರತಿ ಕೇಳುವುದನ್ನು ರೂಢಿಸಿಕೊಂಡರು. ಸಭೆಗಿಂತ ನಡಾವಳಿ ಮುಖ್ಯ. ಬರೆದಿಡದ ಭರವಸೆಗೆ ಆಯುಸ್ಸು ಕಡಿಮೆ.

ಸಾಮಾನ್ಯ ಸಭೆ: ಪಾಲಿಕೆಯ ಸಾಮಾನ್ಯ ಸಭೆ ಗುಟ್ಟಿನ ಕಲಾಪವಲ್ಲ. ಪ್ರೇಕ್ಷಕರಾಗಿ ಕುಳಿತು ನೋಡಲು ಕೌನ್ಸಿಲ್ ಕಾರ್ಯದರ್ಶಿಯ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಬೇಕು. ಅಲ್ಲಿ ನಾಗರಿಕರು ಮಾತನಾಡುವಂತಿಲ್ಲ. ಆದರೆ ತಮ್ಮ ಸದಸ್ಯರ ಮೂಲಕ ಪ್ರಶ್ನೆ ಕೇಳಿಸಬಹುದು. ಬಾಯಿಮಾತಿನ ದೂರಿಗಿಂತ ದಿನಾಂಕ, ಸ್ಥಳ, ಹಿಂದಿನ ಅರ್ಜಿಯ ಸಂಖ್ಯೆಗಳಿರುವ ಒಂದು ಪುಟದ ಟಿಪ್ಪಣಿ ಕೊಟ್ಟರೆ ಸದಸ್ಯರು ಅದನ್ನು ಸಭೆಯಲ್ಲಿ ಎತ್ತುವ ಸಾಧ್ಯತೆ ಹೆಚ್ಚು.

ಆಕ್ಷೇಪಣೆಯ ಅವಕಾಶ: ವಾರ್ಡುಗಳ ಮರುವಿಂಗಡಣೆ, ಮೀಸಲಾತಿಯ ಕರಡು ಪಟ್ಟಿ, ಮಹಾಯೋಜನೆಯ ಕರಡು ಇವುಗಳಿಗೆ ಆಕ್ಷೇಪಣೆ ಸಲ್ಲಿಸಲು ನಿಗದಿತ ಕಾಲಾವಕಾಶವಿರುತ್ತದೆ. ಪ್ರಕಟಣೆ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಬಂದು ಹೋಗುವುದುಂಟು. ಬಡಾವಣೆಯ ಸಂಘದಲ್ಲಿ ಒಬ್ಬರಾದರೂ ಇಂತಹ ಪ್ರಕಟಣೆಗಳ ಮೇಲೆ ಕಣ್ಣಿಡುವುದು ಒಳ್ಳೆಯದು.

ಮಾಹಿತಿ ಹಕ್ಕು: 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕರ್ನಾಟಕದಲ್ಲಿ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ರಾಜ್ಯದ ನಿಯಮದಂತೆ ಅರ್ಜಿ 150 ಪದಗಳನ್ನು ಮೀರದೆ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು. 30 ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನಗಳಲ್ಲಿ ಮೊದಲ ಮೇಲ್ಮನವಿ, ಅಲ್ಲಿಯೂ ನ್ಯಾಯ ಸಿಗದಿದ್ದರೆ 90 ದಿನಗಳಲ್ಲಿ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ಈ ಕಾಯ್ದೆ ಕಾಗದಗಳ ಪ್ರತಿಗೆ ಸೀಮಿತವಲ್ಲ. ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಅದರಲ್ಲಿದೆ.

ಸಕಾಲ: 2011ರ ಸೇವಾ ಖಾತರಿ ಕಾಯ್ದೆಯಡಿ 2012ರ ಏಪ್ರಿಲ್‌ನಲ್ಲಿ 'ಸಕಾಲ' ಆರಂಭವಾಯಿತು. ಖಾತೆ, ಪರವಾನಗಿ, ಜನನ ಮರಣ ಪತ್ರಗಳಂತಹ ಸೇವೆಗಳಿಗೆ ಕಾಲಮಿತಿಯಿದೆ. ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆಯುಳ್ಳ ಸ್ವೀಕೃತಿಯನ್ನು ಕೇಳಿ ಪಡೆಯಬೇಕು. ವಿಳಂಬವಾದರೆ ದಿನಕ್ಕೆ ರೂ. 20ರಂತೆ ಗರಿಷ್ಠ ರೂ. 500 ಪರಿಹಾರಕ್ಕೆ ಅರ್ಜಿದಾರ ಅರ್ಹ. ಮೊತ್ತ ಚಿಕ್ಕದು. ಆದರೆ ಅದು ವಿಳಂಬಕ್ಕೆ ಕಾರಣನಾದ ನೌಕರನಿಂದ ವಸೂಲಾಗತಕ್ಕದ್ದು ಎಂಬುದೇ ಅದರ ಬಲ.

ಲೋಕಾಯುಕ್ತ: ಲಂಚ, ಕಳಪೆ ಕಾಮಗಾರಿ, ಅಧಿಕಾರ ದುರ್ಬಳಕೆಯ ಆರೋಪಗಳನ್ನು 1984ರ ಕಾಯ್ದೆಯಡಿ ಲೋಕಾಯುಕ್ತಕ್ಕೆ ಒಯ್ಯಬಹುದು. ಪಾಲಿಕೆ ಸದಸ್ಯರು ತಮ್ಮ ಹಾಗೂ ಕುಟುಂಬದ ಆಸ್ತಿ ವಿವರವನ್ನು ಪ್ರತಿವರ್ಷ ಘೋಷಿಸಬೇಕೆಂದು ಕಾಯ್ದೆ ವಿಧಿಸಿದೆ.

ಬೆಂಗಳೂರಿನ ಹೊಸ ವ್ಯವಸ್ಥೆ

ಬೆಂಗಳೂರಿಗೆ ಮೇಲಿನ ವಿವರಗಳಲ್ಲಿ ಕೆಲವು ಅನ್ವಯಿಸುವುದಿಲ್ಲ. 2007ರಲ್ಲಿ ರಚನೆಯಾದ ಬಿಬಿಎಂಪಿಗೆ 2020ರ ಪ್ರತ್ಯೇಕ ಕಾಯ್ದೆ ಬಂತು. ಅದರ ಸ್ಥಾನದಲ್ಲಿ 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಗೊಂಡಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಗರ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ಪಾಲಿಕೆಗಳಾಗಿ ವಿಭಜನೆಯಾಯಿತು. ಇವುಗಳ ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದೆ. ಮೇಯರ್ ಅವಧಿಯನ್ನು ಇಲ್ಲಿ 30 ತಿಂಗಳಿಗೆ ನಿಗದಿಪಡಿಸಲಾಗಿದೆ. ಸಣ್ಣ ಪಾಲಿಕೆಗಳಿಂದ ಆಡಳಿತ ಜನರಿಗೆ ಹತ್ತಿರವಾಗುವುದೆಂಬುದು ಸಮರ್ಥಕರ ವಾದ. ಚುನಾಯಿತ ಪಾಲಿಕೆಗಳ ನೆತ್ತಿಯ ಮೇಲೆ ಸರ್ಕಾರವನ್ನೇ ಕೂರಿಸಿದಂತಾಯಿತೆಂಬುದು ಟೀಕಾಕಾರರ ಆಕ್ಷೇಪ.

ಚುನಾವಣೆ ಏಕೆ ತಡವಾಗುತ್ತದೆ?

ಅವಧಿ ಮುಗಿಯುವ ಮುನ್ನವೇ ಹೊಸ ಸಭೆಯ ಚುನಾವಣೆ ಪೂರ್ಣಗೊಳ್ಳಬೇಕೆಂದು ಸಂವಿಧಾನ ಸ್ಪಷ್ಟವಾಗಿ ಹೇಳುತ್ತದೆ. 2006ರ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಆದರೂ ವಾರ್ಡ್ ಮರುವಿಂಗಡಣೆ ಹಾಗೂ ಮೀಸಲಾತಿಯ ವ್ಯಾಜ್ಯಗಳು ಚುನಾವಣೆಯನ್ನು ಮುಂದೂಡುತ್ತಲೇ ಬಂದಿವೆ. ಹಿಂದುಳಿದ ವರ್ಗಗಳ ಮೀಸಲಾತಿಗೆ ಅಂಕಿಅಂಶಗಳ ಆಧಾರ ಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದ ಮೇಲೆ ರಾಜ್ಯ ಸರ್ಕಾರ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗವನ್ನು ನೇಮಿಸಿತು. ಆಯೋಗ 2022ರಲ್ಲಿ ವರದಿ ನೀಡಿತು.

ಚುನಾವಣೆ ನಡೆದರೂ ಸಭೆ ಕೂಡುವುದೆಂಬ ಖಾತರಿಯಿಲ್ಲ. ಬೆಳಗಾವಿಯಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಗೆದ್ದ ಸದಸ್ಯರಿಗೆ ಮೇಯರ್ ಆಯ್ಕೆಯ ಅವಕಾಶ ದೊರೆತದ್ದು 2023ರ ಫೆಬ್ರವರಿಯಲ್ಲಿ. ಅಷ್ಟು ಕಾಲ ಮತದಾರರ ತೀರ್ಪು ಪೆಟ್ಟಿಗೆಯಿಂದ ಹೊರಬಂದೂ ಸಭಾಂಗಣವನ್ನು ತಲುಪಲಿಲ್ಲ.

ಆಡಳಿತಾಧಿಕಾರಿಯ ಅವಧಿಯಲ್ಲಿಯೂ ಕಸ ಎತ್ತುತ್ತಾರೆ, ದೀಪ ಬೆಳಗುತ್ತವೆ, ತೆರಿಗೆ ವಸೂಲಾಗುತ್ತದೆ. ನಿಂತುಹೋಗುವುದು ಪ್ರಶ್ನೆ ಕೇಳುವ ಕೆಲಸ. ತೆರಿಗೆ ಏರಿಸುವ ಪ್ರಸ್ತಾವಕ್ಕೆ ಎದ್ದು ನಿಂತು 'ಏಕೆ?' ಎನ್ನುವ ಸದಸ್ಯನಿರುವುದಿಲ್ಲ. ನಾಗರಿಕರ ಮನವಿಯನ್ನು ಹಿಡಿದು ಸ್ಥಾಯಿ ಸಮಿತಿಯಲ್ಲಿ ವಾದಿಸುವವರಿರುವುದಿಲ್ಲ. ಅಂತಹ ಕಾಲದಲ್ಲಿ ಮಾಹಿತಿ ಹಕ್ಕು, ಸಕಾಲ, ಆಕ್ಷೇಪಣೆ ಹಾಗೂ ನ್ಯಾಯಾಲಯ ಇವೇ ಉಳಿದ ದಾರಿಗಳು.

ಪಾಲಿಕೆ ಚುನಾವಣೆಗೆ ವಿಧಾನಸಭೆಯ ಮತದಾರರ ಪಟ್ಟಿಯೇ ಮೂಲ. ಬಾಡಿಗೆ ಮನೆ ಬದಲಿಸಿದವರು, ಹೊಸದಾಗಿ 18 ತುಂಬಿದವರು ತಮ್ಮ ಹೆಸರು ಈಗಿರುವ ವಿಳಾಸದ ಭಾಗದಲ್ಲಿದೆಯೇ ಎಂದು ಚುನಾವಣೆ ಘೋಷಣೆಯಾಗುವ ಮೊದಲೇ ನೋಡಿಕೊಳ್ಳಬೇಕು. ಕೆಲವೇ ನೂರು ಮತಗಳ ಅಂತರದಲ್ಲಿ ಗೆಲುವು ಸೋಲು ತೀರ್ಮಾನವಾಗುವ ವಾರ್ಡಿನಲ್ಲಿ ಒಂದು ಬೀದಿಯ ನಿವಾಸಿಗಳು ಒಟ್ಟಾದರೆ ಅವರ ಚರಂಡಿಯ ಮಾತನ್ನು ಯಾವ ಅಭ್ಯರ್ಥಿಯೂ ಕೇಳದೆ ಇರಲಾರ.